ಒಲೆ ಕಾಣದ ಹಂಡೆ

ಭದ್ರಾವತಿಯಲ್ಲಿ ಅರ್ಧ ಊರು ತನ್ನ ಅಕ್ಷರ ನೋಡಿಕೊಂಡೇ ಊಟ ಮಾಡುತ್ತದೆ ಎಂದು ನಿಯಾಜ್ ಜಂಬ ಕೊಚ್ಚಿಕೊಳ್ಳುತ್ತಿದ್ದ. ಕೊಚ್ಚಿಕೊಳ್ಳುವುದಕ್ಕೆ ಅವನ ಹತ್ತಿರ ಬೇರೆ ಏನೂ ಇರಲಿಲ್ಲ ಎಂಬುದೂ ಅಷ್ಟೇ ನಿಜ. ನರಸಿಂಹಮೂರ್ತಿಯವರ ಪಾತ್ರೆ ಅಂಗಡಿಯಲ್ಲಿ ಅವನಿಗೆ ತಿಂಗಳಿಗೆ ನಲವತ್ತೈದು ರೂಪಾಯಿ ಸಂಬಳ. ಗಿರಾಕಿಗಳು ಕೊಂಡ ತಂಬಿಗೆ, ತಟ್ಟೆ, ಕೊಡಗಳ ಮೇಲೆ ಚಾಣ ಇಟ್ಟು, ಪುಟ್ಟ ಸುತ್ತಿಗೆಯಿಂದ ಟಿಕ್ ಟಿಕ್ ಎಂದು ಬಡಿದು ಹೆಸರು ಹಾಕಿಕೊಡುವುದು ಅವನ ಕೆಲಸ. ಶಿವಮೊಗ್ಗದ ಗಾಂಧಿ ಬಜಾರಿನ ಪಕ್ಕದ ಓಣಿಯಲ್ಲಿ ಹೊಂಗೆ ಮರದ ಕೆಳಗೆ ಕೂತು ಕಲಾಯಿ ಹಾಕುವ ಅವನ ಅಪ್ಪ ಗುಲಾಮ್ ಮೊಹಿದ್ದೀನ್, ಮಗನಾದರೂ ನೆರಳಿನಲ್ಲಿ ಕೂತು ದುಡಿಯಲಿ ಎಂದು ಕನ್ನಡ ಶಾಲೆಗೆ ಹಾಕಿದ್ದರು. ಏಳನೆಯ ಕ್ಲಾಸಿನವರೆಗೆ ಓದಿದ. ಎಂಟನೆಯದರಲ್ಲಿ ಲೆಕ್ಕಕ್ಕೆ ಬಂದ ಅಂಕವನ್ನು ಆ ಮನೆಯಲ್ಲಿ ಇವತ್ತಿಗೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಕ್ಷರ ಮಾತ್ರ ಮುತ್ತಿನಂತಿತ್ತು. ಅವನ ಬದುಕಿನಲ್ಲಿ ನೆಟ್ಟಗೆ ಸಾಲಾಗಿ ಬಂದದ್ದು ಅದೊಂದೇ.

ಉಳಿತಾಯದ ವಿಷಯಕ್ಕೆ ಬಂದರೆ ಅವನ ಹೆಸರಿನಲ್ಲಿ ಪೋಸ್ಟಾಫೀಸಿನ ಒಂದು ಪುಸ್ತಕವಿತ್ತು. ಕೆಲಸಕ್ಕೆ ಸೇರಿದ ತಿಂಗಳು ಅಪ್ಪ ಐದು ರೂಪಾಯಿ ಕಟ್ಟಿ ಮಾಡಿಸಿಕೊಟ್ಟದ್ದು. ಎಷ್ಟು ವರ್ಷವಾದರೂ ಅದರಲ್ಲಿ ಐದು ರೂಪಾಯಿಯೇ ಇತ್ತು. ಅಷ್ಟಾದರೂ ಉಳಿದದ್ದು ಬುದ್ಧಿಯಿಂದಲ್ಲ, ತೆಗೆದರೆ ಅಬ್ಬಾಗೆ ಗೊತ್ತಾಗುತ್ತದೆ ಎಂಬ ಹೆದರಿಕೆಯಿಂದ. ದಿನಾ ಬೆಳಿಗ್ಗೆ ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುವುದು, ಸಂಜೆ ಹೋಗುವುದು, ನಡುವೆ ಎರಡು ಟೀ, ತಿಂಗಳಿಗೊಂದು ಸಿನಿಮಾ. ಹೀಗೆ ಬದುಕಿದವನಿಗೆ ದುಡ್ಡು ಕೂಡಿಡುವುದೆಂದರೆ ಏನೆಂದು ತೋರಿಸಿಕೊಟ್ಟವಳು ಹೂವಮ್ಮ.

ಹೂವಮ್ಮ ಕ್ಯಾರಿಯರ್ ಹೊರುವವಳು. ಕಬ್ಬಿಣದ ಕಾರ್ಖಾನೆಯ ಕೆಲಸಗಾರರ ಮನೆಮನೆಗೂ ಹತ್ತು ಗಂಟೆಗೆ ಹೋಗಿ ಮಧ್ಯಾಹ್ನದ ಊಟದ ಕ್ಯಾರಿಯರುಗಳನ್ನು ತನ್ನ ಅಗಲವಾದ ಬಿದಿರು ಬುಟ್ಟಿಗೆ ತುಂಬಿಕೊಂಡು, ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಬುಟ್ಟಿ ಹೊತ್ತು, ಭದ್ರಾ ಸೇತುವೆ ದಾಟಿ, ಹನ್ನೆರಡರ ಸೈರನ್ ಆಗುವುದರೊಳಗೆ ಗೇಟಿನ ಹತ್ತಿರ ಸಾಲಾಗಿ ಜೋಡಿಸಬೇಕು. ಇಪ್ಪತ್ತೆರಡು ಮನೆ, ಮನೆಗೆ ತಿಂಗಳಿಗೆ ಎರಡು ರೂಪಾಯಿ. ನಿಯಾಜನಿಗಿಂತ ಒಂದೇ ರೂಪಾಯಿ ಕಡಿಮೆ. ಇದು ಗೊತ್ತಾದ ದಿನ ಅವನು ಎರಡನೆಯ ಟೀ ಕುಡಿಯಲಿಲ್ಲ.

ಅವಳು ಮೊದಲ ಸಲ ಅಂಗಡಿಗೆ ಬಂದದ್ದು ಬೈಸಿಕೊಂಡು. ಹೆಸರು ಓದಲು ಬಾರದವಳು ಕ್ಯಾರಿಯರುಗಳನ್ನು ಸೊಟ್ಟ, ನೆಗ್ಗು, ಹಿಡಿಯ ಬಣ್ಣದ ಮೇಲೆ ಗುರುತು ಹಿಡಿಯುತ್ತಿದ್ದಳು. ಒಂದು ದಿನ ಎರಡು ಮನೆಯವರು ಒಟ್ಟಿಗೆ ಒಂದೇ ಥರದ ಹೊಸ ಕ್ಯಾರಿಯರ್ ಕೊಂಡರು. ಈರುಳ್ಳಿಯನ್ನೂ ಮುಟ್ಟದ ಫೋರ್‌ಮನ್ನರೊಬ್ಬರು ಮುಚ್ಚಳ ತೆಗೆದರೆ ಒಳಗೆ ಮೀನು ಸಾರು.

"ಅವರ ಬಾಯಲ್ಲಿ ಏನೇನು ಬಂತು ಅಂತ ನಾನು ಹೇಳಲ್ಲ ಸಾಬ್ರೇ" ಎಂದಳು ಹೂವಮ್ಮ, ಬುಟ್ಟಿಯನ್ನು ಅಂಗಡಿಯ ಮೆಟ್ಟಿಲ ಮೇಲೆ ಇಳಿಸುತ್ತ. "ಆ ಕಡೆ ಮೀನಿನೋನು ಬೇರೆ ಅಳ್ತಾ ಕೂತಿದಾನೆ, ಹೀರೇಕಾಯಿ ಪಲ್ಯ ತಿಂದು. ಏನಾದ್ರೂ ಗುರುತು ಹಾಕಿಕೊಡಿ."

"ಹೆಸರು ಇದೆಯಲ್ಲ ಅಕ್ಕಾ, ನಾನೇ ಹಾಕಿದ್ದು. ಎಷ್ಟು ಚೆನ್ನಾಗಿದೆ ನೋಡಿ."

"ಚೆನ್ನಾಗಿದೆ ಮಾರಾಯ್ರೇ. ನಂಗೆ ಇರುವೆ ಸಾಲು ಹೋದಂಗೆ ಕಾಣುತ್ತೆ."

ಅವನ ಅಕ್ಷರಕ್ಕೆ ಯಾರೂ ಇದುವರೆಗೆ ಹಾಗೆ ಅಂದಿರಲಿಲ್ಲ. ಆದರೂ ಹೆಸರಿನ ಪಕ್ಕದಲ್ಲಿ ಒಂದಕ್ಕೆ ಗಿಳಿ, ಒಂದಕ್ಕೆ ಬಾಚಣಿಗೆ, ಒಂದಕ್ಕೆ ಚಂದ್ರ, ಒಂದಕ್ಕೆ ಬೀಗದ ಕೈ ಎಂದು ಇಪ್ಪತ್ತೆರಡಕ್ಕೂ ಒಂದೊಂದು ಗುರುತು ಬಡಿದುಕೊಟ್ಟ. ಮೀನಿನವನಿಗೆ ಮೀನನ್ನೇ ಹಾಕಹೋದಾಗ ಹೂವಮ್ಮ ತಡೆದಳು. "ಬ್ಯಾಡ, ವಾರಕ್ಕೆ ಒಂದೇ ದಿನ ಅವರ ಮನೇಲಿ ಮೀನು. ಮಿಕ್ಕ ದಿನ ಅದನ್ನ ನೋಡಿ ಸಂಕಟ ಆಗುತ್ತೆ." ಅವನಿಗೆ ಕೊಡೆ ಬಂತು. ಆಮೇಲೆ ಗೇಟಿನಲ್ಲಿ ಕೆಲಸಗಾರರು ಒಬ್ಬರನ್ನೊಬ್ಬರು "ಏ ಗಿಳಿ", "ಲೋ ಬಾಚಣಿಗೆ" ಎಂದು ಕೂಗುವುದು ಶುರುವಾಯಿತು. ಬಾಚಣಿಗೆಯವರ ತಲೆ ಪೂರ್ತಿ ಬೋಳು.

ದಿನಾ ಎರಡು ಗಂಟೆಗೆ ಖಾಲಿ ಕ್ಯಾರಿಯರುಗಳನ್ನು ಹೊತ್ತು ಹಿಂದಿರುಗುವಾಗ ಹೂವಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಿದ್ದಳು. ವಾರಕ್ಕೊಂದು ದಿನ ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ತೆಗೆದು ನರಸಿಂಹಮೂರ್ತಿಯವರ ಕೈಗೆ ಕೊಡುವಳು. ಆ ರೂಪಾಯಿಗಳು ಕೂಡಿ ಹಬ್ಬದ ಹೊತ್ತಿಗೆ ಒಂದು ತಂಬಿಗೆ, ಒಂದು ಹಿತ್ತಾಳೆ ಕೊಳಗ ಆಗಿ ಅವಳ ಮನೆ ಸೇರುತ್ತಿದ್ದವು.

"ಪೋಸ್ಟಾಫೀಸಿಗೆ ಹಾಕಿದ್ರೆ ಬಡ್ಡಿ ಬರುತ್ತೆ ಅಕ್ಕಾ" ಎಂದು ಒಂದು ದಿನ ನಿಯಾಜ್ ಬುದ್ಧಿ ಹೇಳಿದ. ಐದು ರೂಪಾಯಿಯ ಖಾತೆದಾರನ ಬುದ್ಧಿ.

"ಹಾಕಿದ್ದೆ ಸಾಬ್ರೇ. ಮೂವತ್ತು ರೂಪಾಯಿ ಆಗಿತ್ತು. ನಮ್ಮ ಯಜಮಾನ ನಗ್ತಾ ಬಂದು ಕೇಳಿದ, ಹೆಬ್ಬೆಟ್ಟು ಒತ್ತಿಕೊಟ್ಟೆ. ಬೈದು ಕೇಳಿದ್ರೆ ಕೊಡ್ತಿರಲಿಲ್ಲ. ಅವನು ನಗ್ತಾ ಕೇಳ್ತಾನೆ ನೋಡಿ, ಅದೇ ಕಷ್ಟ."

ಅವಳ ಗಂಡ ಕರಿಯಪ್ಪ ಕಂಟ್ರಾಕ್ಟು ಕೂಲಿ. ಕುಡುಕನಲ್ಲ, ಕೈ ಎತ್ತುವವನಲ್ಲ. ಇಸ್ಪೀಟಿನಲ್ಲಿ ಮುಂದಿನ ಆಟ ತನ್ನದೇ ಎಂದು ನಂಬಿದವನು, ಅಷ್ಟೆ. ಅವಳ ಬೆಳ್ಳಿ ಕಾಲುಸರ ಆ ನಂಬಿಕೆಗೇ ಹೋಗಿತ್ತು. ಅದಕ್ಕೇ ಹೂವಮ್ಮ ಯೋಚಿಸಿ ಯೋಚಿಸಿ ಪಾತ್ರೆಗೆ ಬಂದು ನಿಂತಿದ್ದಳು.

"ಪುಸ್ತಕ ಆದ್ರೆ ಮಡಚಿ ಜೇಬಿಗೆ ಹಾಕ್ಕೊಂಡು ಹೋಗ್ತಾನೆ. ಹಂಡೆ ಹೊತ್ಕೊಂಡು ಬೀದೀಲಿ ಹೋದ್ರೆ ಹತ್ತು ಜನ ಕೇಳ್ತಾರೆ, ಎಲ್ಲಿಗೆ ಕರಿಯಪ್ಪಾ ಅಂತ. ಅದ್ರ ಮೇಲೆ ಮಗಳ ಹೆಸರು ಇದ್ರೆ ಮುಟ್ಟೋಕೆ ಅವನಿಗೂ ಒಂಥರಾ ಆಗುತ್ತೆ."

ಮಗಳು ವೇದಾ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಹೂವಮ್ಮನಿಗೆ ಆ ಹುಡುಗಿಯ ಬಗ್ಗೆ ಇದ್ದದ್ದು ಒಂದೇ ಆಸೆ, ಅವಳು ಟೀಚರ್ ಆಗಬೇಕು. "ಅವಳ ತಲೆ ಮೇಲೆ ನಾನು ಬುಟ್ಟಿ ಇಡಿಸಲ್ಲ" ಎಂದು ಎಷ್ಟು ಸಲ ಅಂದಿದ್ದಳೋ, ಅಂದಾಗಲೆಲ್ಲ ತನಗೆ ಗೊತ್ತಿಲ್ಲದಂತೆ ಕತ್ತು ಒತ್ತಿಕೊಳ್ಳುತ್ತಿದ್ದಳು.

ಅರವತ್ತಮೂರರ ದೀಪಾವಳಿಗೆ ಅವಳು ಎಂಟು ಕಿಲೋದ ತಾಮ್ರದ ಹಂಡೆ ಕೊಂಡಳು. ಎರಡು ವರ್ಷದ ರೂಪಾಯಿಗಳು. ಅಂಗಡಿಯ ಒಳಗೆ ಅದನ್ನು ಸುತ್ತ ತಿರುಗಿ ನೋಡಿ, ಬೆರಳಲ್ಲಿ ಬಡಿದು, ನಾದ ಕೇಳಿ, ನಿಯಾಜನ ಮುಂದೆ ಇಟ್ಟಳು.

"ಗಟ್ಟಿಯಾಗಿ ಹೊಡೀರಿ ಸಾಬ್ರೇ. ಅಳಿಸಬಾರದು."

ಸಾಮಾನ್ಯವಾಗಿ ಹೆಸರನ್ನು ಕಂಠದ ಕೆಳಗೆ ಸಣ್ಣಗೆ ಹಾಕುವುದು ಪದ್ಧತಿ. ಆದರೆ ಅಂಥ ಹಂಡೆ ಅವನ ಕೈಗೆ ಬರುವುದೇ ಅಪರೂಪ. ಅವನು ಕಂಠ ಬಿಟ್ಟು ಹೊಟ್ಟೆಯ ನಟ್ಟನಡುವೆ ಗೇಣಗಲ ಜಾಗ ಹಿಡಿದ. ಸುತ್ತ ಬಳ್ಳಿ, ಬಳ್ಳಿಗೆ ಮೊಗ್ಗು, ನಡುವೆ ದಪ್ಪ ಅಕ್ಷರದಲ್ಲಿ "ವೇದಾಳದು". ಅದರ ಕೆಳಗೆ "ಹೂವಮ್ಮನ ದುಡಿಮೆ". ಇನ್ನೂ ಜಾಗ ಉಳಿದಿತ್ತು, ಕೈ ಹುರುಪಿನಲ್ಲಿತ್ತು. ಯಾರೂ ಕೇಳದಿದ್ದರೂ ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿ, ಎಲ್ಲಕ್ಕಿಂತ ಆಳವಾಗಿ ಬಡಿದ: "ಮಾರುವುದಿಲ್ಲ".

ನರಸಿಂಹಮೂರ್ತಿಯವರು ಕನ್ನಡಕ ಮೇಲೆತ್ತಿ ನೋಡಿದರು. "ಇದೇನೋ ಮಾರಾಯ, ಹಂಡೇನೋ ಶಾಸನಾನೋ?"

ಹೂವಮ್ಮನಿಗೆ ಅವನು ಓದಿ ಹೇಳಿದಾಗ ಅವಳು ಆ ಕೊನೆಯ ಪದದ ಮೇಲೆ ಬೆರಳಾಡಿಸಿ ಬಾಯ್ತುಂಬ ನಕ್ಕಳು. ಆ ದಿನ ಅವಳು ಹತ್ತಿರದ ಓಣಿ ಬಿಟ್ಟು, ಇಡೀ ಪೇಟೆ ಸುತ್ತಿಕೊಂಡು, ಹಂಡೆ ಹೊತ್ತು ಮನೆಗೆ ಹೋದಳಂತೆ. ಮನೆಯಲ್ಲಿ ಅದನ್ನು ಒಲೆಯ ಮೇಲೆ ಏರಿಸಲಿಲ್ಲ. ಸೀಮೆಎಣ್ಣೆ ಡಬ್ಬಿಯಲ್ಲೇ ನೀರು ಕಾಯಿಸಿ ಮೂವರೂ ಸ್ನಾನ ಮಾಡುತ್ತಿದ್ದರು. ಹಂಡೆ ಮಾತ್ರ ಹುಣಿಸೆಹಣ್ಣಿನಲ್ಲಿ ಉಜ್ಜಿಸಿಕೊಂಡು ಮೂಲೆಯಲ್ಲಿ ಮದುವಣಗಿತ್ತಿಯಂತೆ ಕೂತಿರುತ್ತಿತ್ತು. ಮಸಿ ಹಿಡಿದರೆ ಹೊಸದರ ಬೆಲೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮರುವರ್ಷ ಕರಿಯಪ್ಪ ಒಂದು ಸಲ ಆ ಹಂಡೆ ಹೊತ್ತು ಹೊರಟೇಬಿಟ್ಟ. ಮೂರು ಅಂಗಡಿ ತಿರುಗಿದ. ಮೊದಲನೆಯವನು ಓದಿ ಬೇಡವೆಂದ. ಎರಡನೆಯವನು ಗಟ್ಟಿಯಾಗಿ ಓದಿ ಪಕ್ಕದವರನ್ನು ಕರೆದು ತೋರಿಸಿದ. ಮೂರನೆಯವನು, "ಏನಯ್ಯಾ, ಮಾರುವುದಿಲ್ಲ ಅಂತ ಬರೆಸಿಕೊಂಡು ಮಾರೋಕೆ ಬಂದಿದೀಯಲ್ಲ" ಎಂದು ನಗೆಯಾಡಿದ. ಕರಿಯಪ್ಪ ವಾಪಸು ತಂದು ಅದೇ ಮೂಲೆಯಲ್ಲಿ ಇಟ್ಟು, ಹೆಂಡತಿಗೆ, "ಓದೋಕೆ ಬರದ ನನಗೆ ಊರೋರ ಬಾಯಲ್ಲಿ ಕೇಳಬಾರದ್ದೆಲ್ಲ ಕೇಳಿಸಿದೆಯಲ್ಲೇ" ಎಂದನಂತೆ. ಹೂವಮ್ಮ ಇದನ್ನು ಹೇಳಿದ ದಿನ ನಿಯಾಜ್ ತನ್ನ ಚಾಣಕ್ಕೆ ಮುತ್ತು ಕೊಡುವುದೊಂದು ಬಾಕಿ. ಟೀ ಅಂಗಡಿಯಲ್ಲಿ ಒಂದು ತಿಂಗಳು ಈ ಕಥೆ ಹೇಳಿದ. ಪ್ರತಿ ಸಲವೂ ಅಂಗಡಿಗಳ ಸಂಖ್ಯೆ ಹೆಚ್ಚುತ್ತ ಹೋಗಿ ಕೊನೆಗೆ ಏಳಕ್ಕೆ ನಿಂತಿತು.

ಆಮೇಲೆ ಬಂದದ್ದು ಅಕ್ಕಿಯಿಲ್ಲದ ಕಾಲ. ಅರವತ್ತೈದು, ಅರವತ್ತಾರು. ರೇಷನ್ ಅಂಗಡಿಯ ಮುಂದೆ ಕ್ಯೂ, ಕ್ಯೂ ಮುಗಿಯುವುದರೊಳಗೆ ಅಕ್ಕಿ ಮುಗಿಯುವುದು, ಅಕ್ಕಿಯ ಬದಲು ಎಲ್ಲಿಂದಲೋ ಹಡಗಿನಲ್ಲಿ ಬಂದ ಕೆಂಪು ಜೋಳ. ಪಾತ್ರೆ ಕೊಳ್ಳುವವರು ನಿಂತರು, ಹಳೆಯ ಪಾತ್ರೆ ಮಾರುವವರು ಬರತೊಡಗಿದರು. ತಾನೇ ಹಾಕಿದ ಹೆಸರುಗಳು ತಕ್ಕಡಿ ಏರುವುದನ್ನು ನಿಯಾಜ್ ಕೂತು ನೋಡಿದ. ಊರಿನ ಸಂಕಟವನ್ನು ಅವನಿಗಿಂತ ಮೊದಲೇ ಅರಿತವಳು ಹೂವಮ್ಮ. ಅವಳಿಗೆ ಅದು ಕತ್ತಿನಲ್ಲಿ ತಿಳಿಯುತ್ತಿತ್ತು.

"ಈಚೆಗೆ ಬುಟ್ಟಿ ಹಗುರ ಆಗ್ತಿದೆ ಸಾಬ್ರೇ" ಎಂದಳು ಒಂದು ಮಧ್ಯಾಹ್ನ. "ಬಾಚಣಿಗೆ ಮನೆಯೋರು ಮೂರು ಡಬ್ಬಿ ಕಳಿಸ್ತಿದ್ರು, ಈಗ ಎರಡು. ಚಂದ್ರನ ಮನೆಯಾಕೆ ಕೆಳಗಿನ ಡಬ್ಬೀಲಿ ಏನೂ ಇಡಲ್ಲ, ಅಲ್ಲಾಡಿಸಿದ್ರೆ ಗೊತ್ತಾಗುತ್ತೆ. ಗೇಟಲ್ಲಿ ನಾಲ್ಕು ಜನ ನೋಡ್ತಾರಲ್ಲ, ಅದಕ್ಕೆ ಖಾಲೀದೂ ಸೇರಿಸಿ ಕಳಿಸ್ತಾಳೆ. ತಲೆಗೇನೋ ಸುಖ. ಆದ್ರೂ ಮೊದಲಿನ ಭಾರಾನೇ ವಾಸಿ ಅನ್ಸುತ್ತೆ."

ಕ್ರಮೇಣ ಮನೆಗಳೇ ಕಡಿಮೆಯಾದವು. ಎರಡು ರೂಪಾಯಿ ಉಳಿಸಲು ಕೆಲವರು ಬೆಳಿಗ್ಗೆಯೇ ಮುದ್ದೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟರು. ಇಪ್ಪತ್ತೆರಡು ಹದಿಮೂರಾಯಿತು. ಗಿಳಿ ಹೋಯಿತು, ಬೀಗದ ಕೈ ಹೋಯಿತು, ಕೊಡೆ ಹೋಯಿತು. ವಾರದ ರೂಪಾಯಿ ನಿಂತಿತು. ಆದರೂ ಹೂವಮ್ಮ ಮನೆಯ ಪಾತ್ರೆ ಒಂದನ್ನೂ ಕದಲಿಸಲಿಲ್ಲ. ಜೋಳದ ಗಂಜಿ ಕುಡಿದು ಹಂಡೆ ಉಜ್ಜಿದಳು.

ನಿಯಾಜ್ ಆ ವರ್ಷವೇ ಮುಂಗಡ ತೆಗೆದುಕೊಂಡು ಇಪ್ಪತ್ತೆಂಟು ರೂಪಾಯಿಗೆ ಟೆರಿಲಿನ್ ಶರ್ಟು ಹೊಲಿಸಿಕೊಂಡಿದ್ದ. ಇಸ್ತ್ರಿಯೇ ಬೇಡ, ಆ ಖರ್ಚು ಉಳಿಯುತ್ತದೆ ಎಂದು ಅಮ್ಮಿಗೆ ಸಮಜಾಯಿಷಿ ಹೇಳಿದ್ದ. ಅವನ ಮನೆಯಲ್ಲಿ ಅದುವರೆಗೆ ಯಾರೂ ಇಸ್ತ್ರಿಗೆ ಖರ್ಚು ಮಾಡಿರಲಿಲ್ಲ.

ಅರವತ್ತಾರರಲ್ಲಿ ವೇದಾ ಎಸ್ಸೆಸ್ಸೆಲ್ಸಿ ಪಾಸಾದಳು. ಶಿವಮೊಗ್ಗದ ಒಂದು ಟೀಚರ್ಸ್ ಟ್ರೈನಿಂಗ್ ಶಾಲೆಯಲ್ಲಿ ಸೀಟೂ ಸಿಕ್ಕಿತು. ಫೀಸು, ಹಾಸ್ಟೆಲ್ಲಿನ ಮುಂಗಡ ಎಲ್ಲ ಸೇರಿ ನೂರ ಇಪ್ಪತ್ತು ರೂಪಾಯಿ, ಶನಿವಾರ ಮಧ್ಯಾಹ್ನದೊಳಗೆ ಕಟ್ಟಬೇಕು. ಸ್ಕಾಲರ್‌ಶಿಪ್ಪು ಬರುತ್ತದೆ, ಆದರೆ ಆಮೇಲೆ. ಕಾಗದ ಬಂದದ್ದು ಬುಧವಾರ. ಅವತ್ತೇ ಮೂರು ಗಂಟೆಗೆ ತಾಯಿ ಮಗಳು ಅಂಗಡಿಗೆ ಬಂದರು. ಹೂವಮ್ಮನ ತಲೆಯ ಮೇಲೆ ಹಂಡೆ, ವೇದಾಳ ಕಂಕುಳಲ್ಲಿ ಕೊಳಗ, ತಂಬಿಗೆ, ತಟ್ಟೆಗಳ ಗಂಟು.

ನರಸಿಂಹಮೂರ್ತಿಯವರು ಸಣ್ಣ ಪಾತ್ರೆಗಳನ್ನು ತೂಗಿದರು. ಅವುಗಳ ಮೇಲಿನ ಹೆಸರು ಸಣ್ಣದು, ಪಾಲಿಶ್ ಹಾಕಿದರೆ ಹೋಗುತ್ತದೆ. ನಲವತ್ತೆರಡು ರೂಪಾಯಿ. ಹಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಒಲೆ ಕಂಡಿಲ್ಲ. ಅಪ್ಪಟ ಹೊಸದು. ಹೆಸರೊಂದು ಇಲ್ಲದಿದ್ರೆ ಎಂಬತ್ತು ಕೊಡ್ತಿದ್ದೆ ಹೂವಮ್ಮ. ಈ ಮಹಾನುಭಾವ ಹೊಟ್ಟೆ ತುಂಬ ಬರೆದಿಟ್ಟಿದಾನೆ. ನನಗೂ ಈಗ ವ್ಯಾಪಾರ ಇಲ್ಲ. ಹಿತ್ತಲಲ್ಲಿ ಇಟ್ಕೊಳ್ಳೋರು ಯಾರಾದ್ರೂ ತಗೊಂಡಾರು. ಅರವತ್ತಕ್ಕೆ ಆದ್ರೆ ನೋಡು."

"ಕೊಡಿ ಸ್ವಾಮಿ. ಮಿಕ್ಕಿದ್ದು ಹೇಗೋ ಹೊಂಚ್ತೀನಿ." ಹೂವಮ್ಮ ಕೈ ಚಾಚಿಯೂ ಆಗಿತ್ತು.

ಆ ಗಳಿಗೆಯಲ್ಲಿ ನಿಯಾಜ್ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಆದರೆ ತನ್ನ ಅಕ್ಷರದಿಂದ ಇಪ್ಪತ್ತು ರೂಪಾಯಿ ಕಡಿಮೆಯಾಯಿತು ಎನ್ನುವುದು ಅವನಿಗೆ ನುಂಗಲಾಗದ ಮಾತು.

"ತಡೀರಿ ಅಕ್ಕಾ, ಅರವತ್ತಕ್ಕೆ ಯಾಕೆ ಕೊಡ್ತೀರಿ? ಹಾಕಿದೋನಿಗೆ ತೆಗೆಯೋಕೂ ಬರುತ್ತೆ. ನಾಳೆ ಒಂದು ದಿನ ಕೊಡಿ ನಂಗೆ. ಅರ ಹಾಕಿ ಉಜ್ಜಿ ಕನ್ನಡಿ ಮಾಡಿ ತರ್ತೀನಿ. ಎಂಬತ್ತೇ ತಗೊಳ್ಳಿ."

ಹೂವಮ್ಮ ಧಣಿಯ ಮುಖ ನೋಡಿದಳು, ಅವನ ಮುಖ ನೋಡಿದಳು. "ಆಗುತ್ತಾ ಸಾಬ್ರೇ?"

"ಆಗದೆ ಏನು?"

ಗುರುವಾರ ಬೆಳಿಗ್ಗೆ ಹಂಡೆ ಅಪ್ಪನ ಹೊಂಗೆ ಮರದ ಕೆಳಗೆ ಇತ್ತು. ಗುಲಾಮ್ ಮೊಹಿದ್ದೀನ್ ಅವರಿಗೆ ಕನ್ನಡ ಓದಲು ಬರುವುದಿಲ್ಲ. ಅವರು ಆ ಅಕ್ಷರಗಳ ಮೇಲೆ ಹೆಬ್ಬೆರಳು ಎಳೆದರು.

"ಇಷ್ಟು ಆಳ ಯಾಕೆ ಹೊಡೆದೆ ಬೇಟಾ?"

"ಗಟ್ಟಿ ಇರಲಿ ಅಂತ ಅಬ್ಬಾ."

"ಹಂಡೆಗೆ ಹೊಟ್ಟೆಯೇ ತೆಳು. ತಟ್ಟಿ ತಟ್ಟಿ ಉಬ್ಬಿಸಿರೋ ಜಾಗ ಅದು. ಅರ ಮುಟ್ಟಿಸಬೇಡ. ಹೀಗೇ ಎಷ್ಟು ಬರುತ್ತೋ ಅಷ್ಟಕ್ಕೆ ಕೊಟ್ಟುಬಿಡಲಿ, ಪಾಪ."

ನಲವತ್ತು ವರ್ಷ ಪಾತ್ರೆಯ ಒಳಹೊರಗು ಕಂಡ ಕೈಯ ಮಾತು ಅದು. ಏಳನೆಯ ಕ್ಲಾಸು ಓದಿದವನು ಕೇಳಲಿಲ್ಲ. ಬಳ್ಳಿ ಹೋಯಿತು, ಮೊಗ್ಗುಗಳು ಹೋದವು. "ವೇದಾಳದು" ಮಸುಕಾಯಿತು. "ಹೂವಮ್ಮನ ದುಡಿಮೆ" ಬೇಗ ಅಳಿಸಿಹೋಯಿತು, ಅದನ್ನು ಅವನು ಸುಮ್ಮನೆ ಸೇರಿಸಿದ್ದ, ಹೆಚ್ಚು ಬಡಿದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಕೊನೆಯ ಪದ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಇನ್ನೊಂದು ಹತ್ತು ಸಲ, ಇನ್ನೊಂದು ಐದು ಸಲ ಎಂದು ಅರ ಎಳೆಯುತ್ತಿದ್ದವನಿಗೆ ಹಂಡೆಯ ಒಳಗಿನ ಕತ್ತಲಲ್ಲಿ ಸಾಸಿವೆಯಷ್ಟು ಬೆಳಕು ಕಂಡಿತು. ಅದೇನೆಂದು ಅರ್ಥವಾಗುವುದರೊಳಗೆ ಕೈ ಇನ್ನೊಂದು ಎಳೆತ ಎಳೆದಿತ್ತು. ಸಾಸಿವೆ ಅವರೆಕಾಳಾಯಿತು.

ಅಪ್ಪ ಬೈಯಲಿಲ್ಲ. ಎದ್ದು ಬಂದು ಹಂಡೆಗೆ ಒಂದು ತಂಬಿಗೆ ನೀರು ಸುರಿದರು. ನೀರು ಸಣ್ಣಗೆ, ಬಿಡದೆ, ಧೂಳಿಗೆ ಇಳಿಯಿತು. ಆಮೇಲೆ ತಿದಿ ಒತ್ತಿ, ತವರ ಕರಗಿಸಿ ತೂತು ಮುಚ್ಚಿಕೊಟ್ಟರು. ಕೆಂಪು ಹೊಟ್ಟೆಯ ಮೇಲೆ ತೊನ್ನು ಹತ್ತಿದಂತೆ ಒಂದು ಬಿಳಿ ಮಚ್ಚೆ ಉಳಿಯಿತು.

ಶುಕ್ರವಾರ ಹೂವಮ್ಮ ಖಾಲಿ ಕ್ಯಾರಿಯರುಗಳ ಜೊತೆ ಬಂದಾಗ ಹಂಡೆ ಮೆಟ್ಟಿಲ ಮೇಲೆಯೇ ಇತ್ತು. ನಿಯಾಜ್ ಎದ್ದು ಮಚ್ಚೆಯಿದ್ದ ಹೊಟ್ಟೆಯನ್ನು ಅವಳ ಕಡೆಗೆ ತಿರುಗಿಸಿದ. ಅವಳು ಆ ಬಿಳಿ ಮಚ್ಚೆಯ ಮೇಲೆ ಬೆರಳಿಟ್ಟಳು. ಒಳಗೆ ಕೈ ಹಾಕಿ ಆ ಕಡೆಯಿಂದಲೂ ಮುಟ್ಟಿ ನೋಡಿದಳು. ಆಮೇಲೆ ಅವನ ಅಂಗೈ ಕಣ್ಣಿಗೆ ಬಿತ್ತು.

"ಅಯ್ಯೋ, ಕೈ ನೋಡಿ ಏನು ಮಾಡ್ಕೊಂಡಿದೀರಿ. ಕೊಬ್ಬರಿ ಎಣ್ಣೆ ಹಚ್ಚಿದ್ರಾ?"

ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ನಂದೇ ತಪ್ಪು ಅಕ್ಕಾ. ನೀವು ಅರವತ್ತಕ್ಕೆ ಕೊಡಿ ಅಂದಿದ್ರಿ."

"ಅಳಿಸಬಾರದು ಅಂತ ನಾನೇ ಅಲ್ವಾ ಹೊಡೆಸಿದ್ದು? ಗಟ್ಟಿಯಾಗೇ ಹೊಡೆದಿದೀರಿ."

ತೂತು ಬಿದ್ದ ಹಂಡೆ ಹಂಡೆಯಲ್ಲ, ಒಡಕು ತಾಮ್ರ. ನರಸಿಂಹಮೂರ್ತಿಯವರು ನಲವತ್ತು ಕೊಟ್ಟರು. ಅದೂ ಜಾಸ್ತಿಯೇ ಎಂದು ನಿಯಾಜನಿಗೆ ಗೊತ್ತಿತ್ತು. ಒಟ್ಟು ಎಂಬತ್ತೆರಡು. ಅವನು ಆ ಸಂಜೆಯೇ ಪೋಸ್ಟಾಫೀಸಿನ ಐದು ರೂಪಾಯಿ ತೆಗೆದು ಖಾತೆ ಮುಚ್ಚಿದ. ಟೆರಿಲಿನ್ ಶರ್ಟನ್ನು ಮಾರಲು ಹೋದರೆ, ಇಪ್ಪತ್ತೆಂಟರ ಶರ್ಟಿಗೆ ಎಂಟು ರೂಪಾಯಿ ಎಂದರು. ಜೇಬಿನ ಹತ್ತಿರ ಅಪ್ಪನ ಕುಲುಮೆಯ ಕಿಡಿ ಸಿಡಿದು ಎಳ್ಳಿನಷ್ಟು ತೂತಿತ್ತು. ತೂತಿನ ಬೆಲೆ ಆ ಹೊತ್ತಿಗೆ ಅವನಿಗೆ ಚೆನ್ನಾಗಿ ತಿಳಿದಿತ್ತು, ಚೌಕಾಸಿ ಮಾಡದೆ ಕೊಟ್ಟ. ಧಣಿ ಮುಂಗಡದ ಮೇಲೆ ಮುಂಗಡವಾಗಿ ನಾಲ್ಕು ಕೊಟ್ಟರು. ಹೂವಮ್ಮನ ಸೆರಗಿನಲ್ಲಿ ಮೂರಿತ್ತು. ನೂರ ಎರಡು.

ಶನಿವಾರ ಹನ್ನೊಂದೂವರೆಗೆ ಮೂವರೂ ಶಿವಮೊಗ್ಗದ ಆ ಶಾಲೆಯ ಕಚೇರಿಯ ಕಿಟಕಿಯ ಮುಂದೆ ನಿಂತಿದ್ದರು. ಗುಮಾಸ್ತರು ಎರಡು ಸಲ ಎಣಿಸಿದರು. ಕೆಟ್ಟ ಮನುಷ್ಯರಲ್ಲ.

"ಹದಿನೆಂಟು ಕಡಿಮೆ ಇದೆಯಲ್ಲಮ್ಮ. ಅರ್ಧಂಬರ್ಧಕ್ಕೆ ರಸೀತಿ ಹಾಕೋಕೆ ನನಗೆ ಅಧಿಕಾರ ಇಲ್ಲ."

"ಸೋಮವಾರ ತಂದುಕೊಡ್ತೀನಿ ಸಾರ್, ನಾನು ಜಾಮೀನು" ಎಂದು ನಿಯಾಜ್ ಮುಂದೆ ಬಂದ.

"ನೀವು ಯಾರು?"

"ಭದ್ರಾವತೀಲಿ ಪಾತ್ರೆ ಮೇಲೆ ಹೆಸರು ಹಾಕ್ತೀನಿ ಸಾರ್."

ಆ ಮಾತು ಹೇಳುವಾಗ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನಿಗೆ ನಾಚಿಕೆಯಾಯಿತು. ಹಿಂದೆ ಇನ್ನೊಂದು ಹುಡುಗಿ ತನ್ನ ತಂದೆಯ ಜೊತೆ ನಿಂತಿದ್ದಳು, ಕಾಯುವವರ ಪಟ್ಟಿಯಲ್ಲಿ ಮುಂದಿನ ಹೆಸರು. ಗುಮಾಸ್ತರು ಹನ್ನೆರಡಾಗುವವರೆಗೆ ಅವರನ್ನು ಕರೆಯಲಿಲ್ಲ, ಅಷ್ಟು ಉಪಕಾರ ಮಾಡಿದರು. ನಿಯಾಜ್ ಅಪ್ಪನ ಮರದವರೆಗೂ ಓಡಿದ. ಅಪ್ಪ ಯಾವುದೋ ಬೀದಿಗೆ ಕಲಾಯಿಗೆ ಹೋಗಿದ್ದರು. ಆರಿದ ಕುಲುಮೆಯ ಬೂದಿ ಮಾತ್ರ ಇತ್ತು. ಅವನು ವಾಪಸು ಬರುವಷ್ಟರಲ್ಲಿ ಆ ಹುಡುಗಿಯ ತಂದೆ ರಸೀತಿ ಮಡಚುತ್ತಿದ್ದರು.

ವೇದಾ ಅಳಲಿಲ್ಲ. ಅಂಕಪಟ್ಟಿಯನ್ನು ಸುರುಳಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. ವಾಪಸು ಬರುವಾಗ ಬಸ್ಸು ಮಲವಗೊಪ್ಪದ ಹತ್ತಿರ ಎಂಜಿನ್ ಕಾದು ನಿಂತಿತು. ಕಂಡಕ್ಟರ್ ನೀರು ತರಲು ಹೋದ. ಎಲ್ಲರೂ ಇಳಿದು ರಸ್ತೆ ಬದಿಗೆ ನಿಂತರು. ಹೂವಮ್ಮ ತನ್ನ ನೆತ್ತಿಯನ್ನು ಮುಟ್ಟಿಕೊಂಡಳು.

"ಏನೂ ಹೊರದೆ ಇಷ್ಟು ದೂರ ಹೋಗಿ ಬಂದಿದ್ದು ಇದೇ ಮೊದಲು ನೋಡಿ" ಎಂದಳು. "ಮುಂದಿನ ವರ್ಷ ಕೊಡ್ತಾರಂತಲ್ಲ ಸೀಟು. ಆ ಗುಮಾಸ್ತರೇ ಅಂದ್ರು" ಎಂದು ಸೇರಿಸಿದಳು. ಮಗಳಿಗೆ ಹೇಳಿದಳೋ ನಿಯಾಜನಿಗೆ ಹೇಳಿದಳೋ ಗೊತ್ತಾಗಲಿಲ್ಲ.

ಲೆಕ್ಕಕ್ಕೆ ಬಾರದ ತಲೆ ಆ ಬಸ್ಸಿನಲ್ಲಿ ಒಂದೇ ಲೆಕ್ಕ ಮಾಡುತ್ತಿತ್ತು. ಅರವತ್ತಕ್ಕೆ ಕೊಟ್ಟಿದ್ದರೆ ನೂರ ಎರಡು. ಶರ್ಟು, ಪುಸ್ತಕ, ಮುಂಗಡ, ಸೆರಗಿನ ಮೂರು ಸೇರಿ ನೂರ ಇಪ್ಪತ್ತೆರಡು. ಕಟ್ಟಿ, ಬಸ್ಸಿಗೂ ಎರಡು ಮಿಗುತ್ತಿತ್ತು. ಹೇಗೆ ಕೂಡಿಸಿದರೂ ಉತ್ತರ ಅದೇ. ಅವನ ಜೀವಮಾನದಲ್ಲಿ ಸರಿಯಾದ ಲೆಕ್ಕ ಅದೊಂದೇ.

ನಿಯಾಜನ ಹದಿನೇಳು ರೂಪಾಯಿಯನ್ನು ಹೂವಮ್ಮ ಬಸ್ಸಿಳಿದ ಕೂಡಲೇ ಎಣಿಸಿ ಅವನ ಕೈಗೆ ಇಟ್ಟಳು, ಬೇಡವೆಂದರೂ ಬಿಡಲಿಲ್ಲ. ಮಿಕ್ಕದ್ದನ್ನು ಮುಂದಿನ ವರ್ಷಕ್ಕೆಂದು ಅಕ್ಕಿ ಡಬ್ಬಿಯ ತಳದಲ್ಲಿ ಇಟ್ಟಳಂತೆ. ಆ ಡಬ್ಬಿಗೆ ಹಾಕಲು ಅಕ್ಕಿಯಿಲ್ಲದೆ, ತಳದಲ್ಲಿದ್ದದ್ದೇ ಮೂರು ತಿಂಗಳು ಜೋಳವಾಗಿ, ರಾಗಿಯಾಗಿ ಬೆಂದಿತು. ಕರಿಯಪ್ಪ ಅದರಲ್ಲಿ ಒಂದು ಪೈಸೆಯನ್ನೂ ಕೇಳಲಿಲ್ಲ. ಹಂಡೆಯಿದ್ದ ಮೂಲೆಯನ್ನು ನೋಡಿಕೊಂಡು ಎಂಟು ದಿನ ಇಸ್ಪೀಟು ಮುಟ್ಟಲಿಲ್ಲ. ಒಂಬತ್ತನೆಯ ದಿನ ಕಳೆದದ್ದನ್ನೆಲ್ಲ ಗೆದ್ದು ತರುತ್ತೇನೆಂದು ಹೋದ.

ಮುಂದಿನ ವರ್ಷ ಸೀಟಿಗೆ ಅರ್ಜಿ ಹಾಕಲು ಮಾರುವುದಕ್ಕೆ ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಹೂವಮ್ಮನ ಕತ್ತು ತಿರುಗುವುದು ನಿಂತಿತ್ತು. ಎಡಗೈಯೂ ಮೇಲೇಳುತ್ತಿರಲಿಲ್ಲ. ಒಂದು ತಿಂಗಳ ಮಟ್ಟಿಗೆ ಎಂದು ಮಗಳು ಬುಟ್ಟಿ ಎತ್ತಿಕೊಂಡಳು. ಆ ತಿಂಗಳು ಮುಗಿಯಲಿಲ್ಲ.

ಅರವತ್ತೇಳರ ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ವೇದಾ ಅಂಗಡಿಯ ಮೆಟ್ಟಿಲ ಹತ್ತಿರ ಬುಟ್ಟಿ ಇಳಿಸಿದಳು. ಅಮ್ಮ ಕೂರುತ್ತಿದ್ದ ಜಾಗದಲ್ಲಿ ಕೂರಲಿಲ್ಲ, ನಿಂತೇ ಇದ್ದಳು. ಸಿಂಬಿಯ ಒತ್ತಿಗೆ ಬೈತಲೆಯ ಹತ್ತಿರ ಕೂದಲು ಆಗಲೇ ತೆಳುವಾಗಿತ್ತು. ಒಂದು ಹೊಸ ಕ್ಯಾರಿಯರ್ ತೆಗೆದು ಅವನ ಮುಂದೆ ಇಟ್ಟಳು.

"ಹೊಸ ಮನೆ ಸಿಕ್ಕಿದೆ. ಭೈರಪ್ಪ ಅಂತ ಹೆಸರು ಹಾಕಬೇಕಂತೆ."

"ಅಮ್ಮ ಹೇಗಿದಾರೆ?"

"ಇದಾರೆ. ಗೋಡೆಗೆ ಒರಗಿ ಕೂತಿರ್ತಾರೆ. ನಿಮ್ಮ ಕೈ ವಾಸಿ ಆಯ್ತಾ ಅಂತ ಕೇಳಿ ಬಾ ಅಂದ್ರು."

ಒಂದು ವರ್ಷದ ಹಿಂದಿನ ಬೊಬ್ಬೆ. ನಿಯಾಜ್ ತಲೆ ಎತ್ತದೆ ಕ್ಯಾರಿಯರನ್ನು ತೊಡೆಗೆ ಒತ್ತಿ ಹಿಡಿದು ಅಂಚಿನ ಹತ್ತಿರ ಸಣ್ಣಗೆ, ಮೆಲ್ಲಗೆ ಹೆಸರು ಬಡಿದ. ಮುಗಿಸಿ, ಪಕ್ಕದಲ್ಲಿ ಬಿಟ್ಟಿದ್ದ ಜಾಗದ ಮೇಲೆ ಅಭ್ಯಾಸದಿಂದ ಚಾಣ ಇಟ್ಟು ಕೇಳಿದ.

"ಇದಕ್ಕೆ ಏನು ಗುರುತು ಹಾಕಲಿ? ನಕ್ಷತ್ರ ಯಾರಿಗೂ ಹಾಕಿಲ್ಲ."

"ಗುರುತು ಬೇಡ, ಹೆಸರಿದ್ರೆ ಸಾಕು" ಎಂದಳು ವೇದಾ. "ನಂಗೆ ಓದೋಕೆ ಬರುತ್ತೆ."